ಪಾಠದ ಪಕ್ಕದಲ್ಲಿ ಏಳುವ ಕಟ್ಟಡ

ಎಂಜಿನಿಯರಿಂಗ್ ಕಾಲೇಜಿನ ಕಟ್ಟಡವೆಲ್ಲ ಮುಗಿದ ಮೇಲೆ ಪಾಠ ಶುರುವಾಗುವುದು ಅಪರೂಪ. ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷ ಒಂದು ತಂಡ ಬರುತ್ತದೆ, ಮರುವರ್ಷ ಎರಡಾಗುತ್ತದೆ, ನಾಲ್ಕನೆಯ ವರ್ಷಕ್ಕೆ ನಾಲ್ಕೂ ತಂಡಗಳಿಗೆ ಕೂರಲು ಜಾಗ ಬೇಕು. ಹಾಗಾಗಿ ಒಂದು ಬ್ಲಾಕ್ ಎದ್ದ ಕೂಡಲೇ ಅದರಲ್ಲಿ ಬೆಂಚು ಹಾಕಿ ಪಾಠ ಆರಂಭಿಸುತ್ತಾರೆ, ಪಕ್ಕದಲ್ಲೇ ಇನ್ನೊಂದಕ್ಕೆ ಪಾಯ ತೋಡುತ್ತಾರೆ. ಬೆಂಗಳೂರಿನ ತುಮಕೂರು ರಸ್ತೆಯ ಮಾಕಳಿಯ ಸುತ್ತಮುತ್ತ, ಸೋಲದೇವನಹಳ್ಳಿ–ಹೆಸರಘಟ್ಟದ ಕಡೆ, ನೆಲಮಂಗಲದ ಕಡೆ ಓದುವವರಿಗೆ ಈ ನೋಟ ಹೊಸದಲ್ಲ. ಇಲ್ಲಿ ಕಾಲೇಜಷ್ಟೇ ಅಲ್ಲ, ಊರೇ ಕಟ್ಟಿಕೊಳ್ಳುತ್ತಿದೆ. ಪೀಣ್ಯದ ಕೈಗಾರಿಕೆ ರಸ್ತೆಯುದ್ದಕ್ಕೂ ಮುಂದೆ ಸರಿದು ಬಂದಿದೆ. ಹಿಮಾಲಯ ಔಷಧ ಕಂಪನಿ ಮಾಕಳಿಯಲ್ಲೇ ಇದೆ. ಮಾದಾವರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವಿದೆ, ನೈಸ್ ರಸ್ತೆ ಅಲ್ಲೇ ಬಂದು ಕೂಡುತ್ತದೆ. 2024ರ ನವೆಂಬರ್‌ನಿಂದ ಮೆಟ್ರೊ ರೈಲೂ ನಾಗಸಂದ್ರ ದಾಟಿ ಮಾದಾವರದವರೆಗೆ ಬರುತ್ತಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಗೋದಾಮು, ಲೇಔಟು, ಅಪಾರ್ಟ್‌ಮೆಂಟುಗಳು ನಿಂತಿವೆ.

ಇಂಥ ಕ್ಯಾಂಪಸ್ಸಿನಲ್ಲಿ ಓದುವವರಿಗೆ ಮೊದಲು ಕಿರಿಕಿರಿಯಾಗುವುದು ಸದ್ದು. ಬೆಳಿಗ್ಗೆ ಮೊದಲ ಅವಧಿಗೆ ಜೆಸಿಬಿ, ಎರಡನೆಯದಕ್ಕೆ ಜಲ್ಲಿ ಸುರಿಯುವ ಲಾರಿ, ಊಟದ ಹೊತ್ತಿಗೆ ಕಂಬಿ ಕತ್ತರಿಸುವ ಯಂತ್ರ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಸಮೀಕರಣವನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಅಡಗುವವರೆಗೆ ಕಾದು, ಮತ್ತೆ ಎತ್ತಿಕೊಳ್ಳುತ್ತಾರೆ. ಕಿಟಕಿ ಮುಚ್ಚಿದರೆ ಮಾರ್ಚ್‌ನ ಸೆಕೆ, ತೆರೆದರೆ ಸಿಮೆಂಟಿನ ದೂಳು. ಹಿಂದಿನ ಬೆಂಚಿನವರ ಕಣ್ಣು ಕಿಟಕಿಯಾಚೆ ಹೋಗುತ್ತದೆ. ಗಮನ ತಪ್ಪಿತೆಂದು ಅವರಿಗೆ ಬೈಗುಳ ಸಿಗುವುದುಂಟು. ಆದರೆ ಆ ಕಣ್ಣುಗಳು ನೋಡುತ್ತಿರುವುದು, ಸಿವಿಲ್ ವಿಭಾಗದ ಮಟ್ಟಿಗಂತೂ, ಪಠ್ಯಕ್ರಮವನ್ನೇ. ಎರಡನೆಯ ವರ್ಷದ ಸರ್ವೆ, ಮೂರನೆಯ ವರ್ಷದ ಮಣ್ಣಿನ ಪಾಠ, ಕಾಂಕ್ರೀಟಿನ ಪಾಠ ಎಲ್ಲವೂ ಅಲ್ಲಿ ಒಂದರ ಹಿಂದೊಂದು ನಡೆಯುತ್ತಿವೆ. ಬಹಳಷ್ಟು ಕಾಲೇಜುಗಳು ಅದನ್ನು ತಗಡಿನ ಬೇಲಿ ಕಟ್ಟಿ ಮರೆಮಾಡುತ್ತವೆ. ಸುರಕ್ಷತೆಗೆ ಬೇಲಿ ಬೇಕೇ ಬೇಕು. ಅದರಲ್ಲಿ ಒಂದು ಬಾಗಿಲೂ, ವಾರಕ್ಕೊಮ್ಮೆ ತಲೆಗೆ ಹೆಲ್ಮೆಟ್ ಹಾಕಿಸಿ ತರಗತಿಯನ್ನು ಒಳಗೆ ಕರೆದೊಯ್ಯುವ ಒಬ್ಬ ಅಧ್ಯಾಪಕರೂ ಇದ್ದರೆ, ಕಾಲೇಜು ಹಣ ಕೊಟ್ಟು ಕೊಳ್ಳಲಾಗದ ಪ್ರಯೋಗಾಲಯವೊಂದು ಅದಕ್ಕೆ ಸಿಕ್ಕಂತೆ.

ಕಟ್ಟಡದ ಕೆಲಸ ದಾರ ಹಿಡಿಯುವುದರಿಂದ ಆರಂಭವಾಗುತ್ತದೆ. ಮೇಸ್ತ್ರಿ ಒಂದು ಗೂಟದಿಂದ ಒಂದು ದಿಕ್ಕಿಗೆ 3 ಅಡಿ, ಇನ್ನೊಂದು ದಿಕ್ಕಿಗೆ 4 ಅಡಿ ಅಳೆದು, ಎರಡೂ ತುದಿಗಳ ನಡುವೆ ಸರಿಯಾಗಿ 5 ಅಡಿ ಬರುವವರೆಗೆ ದಾರವನ್ನು ಆಚೀಚೆ ಸರಿಸುತ್ತಾನೆ. ಮೂಲೆ ಮಟ್ಟಕ್ಕೆ ಬಂತು. ದೊಡ್ಡ ಕಟ್ಟಡವಾದರೆ 6, 8, 10 ಅಡಿ, ಇನ್ನೂ ದೊಡ್ಡದಾದರೆ ಅದರ ಮಡಿ; ಅಳತೆ ಉದ್ದವಾದಷ್ಟೂ ಕೈತಪ್ಪಿನ ಪಾಲು ಕಡಿಮೆ. ಶುಲ್ಬಸೂತ್ರಗಳ ಕಾಲದಿಂದಲೂ ಯಜ್ಞವೇದಿಕೆ ಕಟ್ಟುವವರು ಹಗ್ಗ ಹಿಡಿದು ಮಾಡುತ್ತಿದ್ದ ಲೆಕ್ಕ ಇದು. ಈ ಲೆಕ್ಕವನ್ನು ಎಂಟನೆಯ ತರಗತಿಯ ಹೊತ್ತಿಗೇ ಓದಿ ಅಂಕ ಪಡೆದು ಮುಂದೆ ಬಂದ ವಿದ್ಯಾರ್ಥಿ, ಅದನ್ನು ನೆಲದ ಮೇಲೆ ಹೀಗೆ ಮೊದಲ ಸಲ ನೋಡುವುದು ಬಹುಶಃ ಇಲ್ಲೇ. ಪಾಯದ ಮಟ್ಟ ನೋಡಲು ಮೇಸ್ತ್ರಿಯ ಬಳಿ ಪಾರದರ್ಶಕ ಪೈಪು ಇರುತ್ತದೆ. ಅದರ ತುಂಬ ನೀರು ತುಂಬಿ ಒಂದು ತುದಿಯನ್ನು ಈ ಕಂಬಕ್ಕೆ, ಇನ್ನೊಂದನ್ನು ಆ ಕಂಬಕ್ಕೆ ಹಿಡಿದರೆ ನೀರು ಎರಡು ಕಡೆಯೂ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನಡುವೆ ಗಾಳಿಗುಳ್ಳೆ ಸೇರಿಕೊಂಡರೆ ಮಟ್ಟ ಕೆಡುತ್ತದೆ. ಆದ್ದರಿಂದ ಮೇಸ್ತ್ರಿ ಮೊದಲು ಪೈಪನ್ನು ಉದ್ದಕ್ಕೆ ತಟ್ಟಿಕೊಂಡು ಬರುತ್ತಾನೆ. ಅದೇ ಹೊತ್ತಿಗೆ ನೂರು ಗಜದಾಚೆ ಹುಲ್ಲಿನ ಮೇಲೆ ಸರ್ವೆ ಲ್ಯಾಬಿನ ತಂಡ ಟ್ರೈಪಾಡ್ ನಿಲ್ಲಿಸಿ, ಸ್ಟಾಫ್ ಎಂಬ ಅಳತೆಗೋಲು ಹಿಡಿದು, ರೀಡಿಂಗ್ ಬರೆದುಕೊಳ್ಳುತ್ತಿರುತ್ತದೆ. ಅವರು ಲೆಕ್ಕ ಹಾಕುವ ಮಟ್ಟ ಯಾವ ಕಟ್ಟಡಕ್ಕೂ ಸೇರಿದ್ದಲ್ಲ. ರೆಕಾರ್ಡ್ ಪುಸ್ತಕಕ್ಕೆ ಸೇರಿದ್ದು. ಆ ತಂಡವನ್ನು ನೂರು ಗಜ ನಡೆಸಿ, ಮೇಸ್ತ್ರಿ ಪೈಪಿನಿಂದ ಗುರುತು ಹಾಕಿದ ಗೆರೆಯನ್ನೇ ಅವರ ಲೆವೆಲ್ಲಿನಿಂದ ಪರೀಕ್ಷಿಸಲು ಹೇಳಿದರೆ ಎರಡು ಕಡೆಯವರಿಗೂ ಒಂದು ಒಳ್ಳೆಯ ಬೆಳಗು ಸಿಗುತ್ತದೆ.

ಪಾಯ ತೋಡಿದ ಗುಂಡಿಯೂ ಒಂದು ಪಾಠ. ಮೇಲೆ ಕೆಂಪು ಮಣ್ಣು, ಕೆಳಗೆ ಗೊರಚು, ಇನ್ನೂ ಕೆಳಗೆ ಬಂಡೆ. ಲಾಲ್‌ಬಾಗಿನ ಗುಡ್ಡದಲ್ಲಿ ಹೊರಗೆ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ನೆಂಟರೇ ಇಲ್ಲಿ ಮಣ್ಣಿನಡಿ ಮಲಗಿರುವುದು. ಮಣ್ಣು ಎಷ್ಟು ಭಾರ ಹೊರಬಲ್ಲದು ಎಂಬ ಅಂಕಿಯನ್ನು ಸೈಟಿನಲ್ಲಿ ಎಲ್ಲರೂ ಎಸ್‌ಬಿಸಿ ಎನ್ನುತ್ತಾರೆ. ವಿದ್ಯಾರ್ಥಿಗೆ ಆ ಅಂಕಿ ಪ್ರಶ್ನೆಪತ್ರಿಕೆಯಲ್ಲಿ ‘ಕೊಟ್ಟಿದೆ’ ಎಂದೇ ಬರುತ್ತದೆ. ಅದನ್ನು ಯಾರು, ಹೇಗೆ, ಯಾವ ಗುಂಡಿಯಿಂದ ಪಡೆದರು ಎಂಬುದು ಗುಂಡಿಯ ಅಂಚಿನಲ್ಲಿ ನಿಂತಾಗ ಮಾತ್ರ ಕೇಳಬೇಕೆನಿಸುವ ಪ್ರಶ್ನೆ.

ಕಂಬಿಯ ಕೆಲಸಕ್ಕೆ ಬಂದಾಗ ತರಗತಿ ಮತ್ತು ಸೈಟು ಪರಸ್ಪರ ಬಹಳ ಹತ್ತಿರ ಬರುತ್ತವೆ. ಕಂಬಿ ಕಟ್ಟುವವನಿಗೆ ಒಂದು ಸೂತ್ರ ಬಾಯಿಪಾಠವಿರುತ್ತದೆ: ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ 144ನ್ನು 162ರಿಂದ ಭಾಗಿಸಿ, ಮೀಟರಿಗೆ 0.89 ಕಿಲೋ. ಲಾರಿಯಿಂದ ಇಳಿದ ಕಂಬಿ ಬಿಲ್ಲಿನಲ್ಲಿದ್ದಷ್ಟೇ ಇದೆಯೇ ಎಂದು ಅವನು ಹೀಗೆ ನೋಡಿಕೊಳ್ಳುತ್ತಾನೆ. 162 ಎಲ್ಲಿಂದ ಬಂತು? ಉಕ್ಕಿನ ಸಾಂದ್ರತೆ ಘನಮೀಟರಿಗೆ 7850 ಕಿಲೋ. ಅದನ್ನು ವೃತ್ತದ ವಿಸ್ತೀರ್ಣದಿಂದ ಗುಣಿಸಿ, ಮಿಲಿಮೀಟರನ್ನು ಮೀಟರಿಗೆ ತಿರುಗಿಸಿದರೆ 162ರ ತಲೆಕೆಳಗಿನ ಸಂಖ್ಯೆ ತಾನಾಗಿ ಬರುತ್ತದೆ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ಇದನ್ನು ಎರಡು ನಿಮಿಷದಲ್ಲಿ ಬಿಡಿಸಬಲ್ಲ. ಬಿಡಿಸಿ ಕಂಬಿ ಕಟ್ಟುವವನಿಗೆ ತೋರಿಸಿದರೆ ಅವನು ಸಂತೋಷಪಡುತ್ತಾನೆ; ಇಷ್ಟು ವರ್ಷ ನಂಬಿದ್ದ ಸಂಖ್ಯೆಗೆ ತಾಯಿ ತಂದೆ ಸಿಕ್ಕಿದರೆ ಯಾರಿಗಾದರೂ ಸಂತೋಷವೇ.

ಕಂಬಿಯನ್ನು ಎಲ್ಲಿ ಇಡಬೇಕು ಎಂಬುದು ಇನ್ನೂ ದೊಡ್ಡ ವಿಷಯ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬಿರಿಯುತ್ತದೆ. ಎಳೆತ ಎಲ್ಲಿ ಬರುತ್ತದೋ ಅಲ್ಲಿ ಕಂಬಿ ಬೇಕು. ಎರಡು ಗೋಡೆಗಳ ನಡುವಿನ ಚಾವಣಿ ನಡುವಿನಲ್ಲಿ ಕೆಳಕ್ಕೆ ಬಾಗುವುದರಿಂದ ಎಳೆತ ಅಲ್ಲಿ ಕೆಳಮೈಗೆ, ಕಂಬಿಯೂ ಕೆಳಗೆ. ತೊಲೆಯ ಮೇಲೆ ಹಾದುಹೋಗುವಲ್ಲಿ ಎಳೆತ ಮೇಲ್ಮೈಗೆ, ಕಂಬಿಯೂ ಮೇಲಕ್ಕೆ. ಅದಕ್ಕಾಗಿಯೇ ಕಂಬಿ ಕಟ್ಟುವವರು ಕೆಲವು ಕಂಬಿಗಳನ್ನು ಆಸರೆಯ ಸಮೀಪ ಓರೆಯಾಗಿ ಮೇಲಕ್ಕೆ ಬಗ್ಗಿಸುತ್ತಾರೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಬೆಂಡಿಂಗ್ ಮೊಮೆಂಟಿನ ವಕ್ರರೇಖೆ ಹೇಳುವುದೂ ಇದನ್ನೇ. ಆ ರೇಖೆಯನ್ನು ಹತ್ತಾರು ಸಲ ಬರೆದರೂ ಹಲವರಿಗೆ ಅದು ಚಿತ್ರವಾಗಿಯೇ ಉಳಿಯುತ್ತದೆ. ಕಾಂಕ್ರೀಟು ಬೀಳುವ ಹಿಂದಿನ ಸಂಜೆ ಸೆಂಟ್ರಿಂಗ್ ಹಲಗೆಯ ಮೇಲೆ ನಿಂತು, ಬಗ್ಗಿದ ಕಂಬಿಗಳ ಸಾಲನ್ನು ಅಡ್ಡಲಾಗಿ ನೋಡಿದವರಿಗೆ ಆ ವಕ್ರರೇಖೆ ಉಕ್ಕಿನಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಆಮೇಲೆ ಮರೆಯುವುದಿಲ್ಲ.

ಸಜ್ಜಾ ಮತ್ತು ಬಾಲ್ಕನಿಯ ವಿಚಾರದಲ್ಲಿ ಈ ಪಾಠ ಜೀವಕ್ಕೆ ಸಂಬಂಧಿಸಿದ್ದು. ಗೋಡೆಯಿಂದ ಹೊರಕ್ಕೆ ಚಾಚಿದ ಹಲಗೆ ತುದಿಯಲ್ಲಿ ಕೆಳಕ್ಕೆ ಬಾಗುತ್ತದೆ, ಎಳೆತವೆಲ್ಲ ಮೇಲ್ಮೈಗೆ. ಮುಖ್ಯ ಕಂಬಿ ಮೇಲೇ ಇರಬೇಕು. ಮೋಲ್ಡ್ ಹಾಕುವ ದಿನ, ಅಂದರೆ ಕಾಂಕ್ರೀಟು ಸುರಿಯುವ ದಿನ, ಬಾಂಡ್ಲಿ ಹೊತ್ತ ಹತ್ತಾರು ಜನ ಆ ಕಂಬಿಯ ಮೇಲೆಯೇ ಓಡಾಡುತ್ತಾರೆ. ಕಂಬಿಯ ಕೆಳಗೆ ಅದನ್ನು ಎತ್ತಿಹಿಡಿಯುವ ಆಸರೆ (ಚೇರ್) ಇಡದಿದ್ದರೆ ಅದು ತುಳಿತಕ್ಕೆ ಕೆಳಗಿಳಿಯುತ್ತದೆ. 100 ಮಿ.ಮೀ. ದಪ್ಪದ ಸಜ್ಜಾದಲ್ಲಿ 8 ಮಿ.ಮೀ. ಕಂಬಿ, ಮೇಲೆ 20 ಮಿ.ಮೀ. ಕಾಂಕ್ರೀಟಿನ ಹೊದಿಕೆ (ಕವರ್) ಎಂದಿಟ್ಟುಕೊಂಡರೆ, ತಳದಿಂದ ಕಂಬಿಯ ನಡುವಿನವರೆಗೆ 76 ಮಿ.ಮೀ. ಸಿಗುತ್ತದೆ. ಕಂಬಿ 30 ಮಿ.ಮೀ. ಕೆಳಗಿಳಿದರೆ ಅದು 46ಕ್ಕೆ ಬರುತ್ತದೆ. ಹೆಚ್ಚುಕಡಿಮೆ ಶೇ 40ರಷ್ಟು ಶಕ್ತಿ ಹೋಯಿತು. ಕಂಬಿಯ ತೂಕ ಅಷ್ಟೇ ಇದೆ, ಸಿಮೆಂಟೂ ಅಷ್ಟೇ ಇದೆ, ಮೇಲೆ ಗಾರೆ ಬಳಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ ಕೊಟ್ಟು ಒಂದನ್ನು ಬಿಡಿಸಲು ಹೇಳುತ್ತಾರೆ. ಒಂದು ವಿಷಯ ಬಾರದಿದ್ದರೆ ಇನ್ನೊಂದನ್ನು ಆರಿಸಿಕೊಳ್ಳಬಹುದು. ಸಜ್ಜಾಕ್ಕೆ ಆ ಅನುಕೂಲವಿಲ್ಲ. ಎಂಜಿನಿಯರಿಂಗ್ ಓದುವ ಪ್ರತಿ ಮಗುವೂ ಒಮ್ಮೆಯಾದರೂ ಕಾಂಕ್ರೀಟು ಹಾಕುವ ಮುನ್ನ ಟೇಪು ಹಿಡಿದು ಸಜ್ಜಾದ ಕಂಬಿಯ ಎತ್ತರ ಅಳೆಯಬೇಕು.

ಮೋಲ್ಡ್ ಹಾಕುವ ದಿನ ಕ್ಯಾಂಪಸ್ಸಿಗೆ ಒಂದು ಬಗೆಯ ಹಬ್ಬ. ಬೆಳಿಗ್ಗೆ ಪೂಜೆ, ತೆಂಗಿನಕಾಯಿ, ಅನಂತರ ರೆಡಿಮಿಕ್ಸ್ ಲಾರಿಗಳ ಸಾಲು. ಅವತ್ತು ವೈಬ್ರೇಟರಿನ ಗುಂಯ್‌ಗುಡುವಿಕೆ ಎಡೆಬಿಡದೆ ನಡೆಯುತ್ತದೆ, ಅವತ್ತಿನ ಪಾಠ ಹೋಯಿತೆಂದೇ ಲೆಕ್ಕ. ಕಂಬಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಿ ಕಾಂಕ್ರೀಟನ್ನು ಮೂಲೆಮೂಲೆಗೂ ಕೂರಿಸುವುದು ಆ ಯಂತ್ರದ ಕೆಲಸ. ಕಡಿಮೆ ಹಿಡಿದರೆ ಜೇನುಗೂಡಿನಂತೆ ತೂತುಬೀಳುತ್ತದೆ, ಹೆಚ್ಚು ಹಿಡಿದರೆ ಜಲ್ಲಿ ಕೆಳಗಿಳಿದು ನೀರು ಮೇಲೇಳುತ್ತದೆ. ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ವೈಬ್ರೇಟರ್ ಹಿಡಿದವನು ಗುಳ್ಳೆ ನಿಲ್ಲುವುದನ್ನು ನೋಡಿ, ಸದ್ದು ಬದಲಾಗುವುದನ್ನು ಕೇಳಿ ತಿಳಿಯುತ್ತಾನೆ.

ಲಾರಿಯಿಂದ ಇಳಿದ ಕಾಂಕ್ರೀಟಿಗೆ ಸ್ಲಂಪ್ ಪರೀಕ್ಷೆ ಮಾಡುತ್ತಾರೆ. 300 ಮಿ.ಮೀ. ಎತ್ತರದ, ಕೆಳಗೆ 200, ಮೇಲೆ 100 ಮಿ.ಮೀ. ಅಗಲದ ಲೋಹದ ಶಂಕುವಿನಲ್ಲಿ ಪದರಪದರವಾಗಿ ಕಾಂಕ್ರೀಟು ತುಂಬಿ, ಪ್ರತಿ ಪದರವನ್ನೂ ಸರಳಿನಿಂದ 25 ಸಲ ಕುಟ್ಟಿ, ಶಂಕುವನ್ನು ಮೆಲ್ಲಗೆ ಮೇಲೆತ್ತಿದರೆ ರಾಶಿ ಎಷ್ಟು ಕುಸಿಯುತ್ತದೆಂದು ಅಳೆಯಬಹುದು. ಕಾಲೇಜಿನ ಲ್ಯಾಬಿನಲ್ಲೂ ಇದೇ ಶಂಕು, ಇದೇ ಸರಳು. ಲ್ಯಾಬಿನಲ್ಲಿ ಇಲ್ಲದಿರುವುದು ಒತ್ತಡ. ಸೈಟಿನಲ್ಲಿ ಕಾಂಕ್ರೀಟು ಗಟ್ಟಿಯಾಗಿ ಬಂದರೆ ಪಂಪು ಕಟ್ಟಿಕೊಳ್ಳುತ್ತದೆ, ಕೆಲಸದವರು ಒಂದು ಬಕೆಟ್ ನೀರು ಹಾಕಿಬಿಡೋಣ ಎನ್ನುತ್ತಾರೆ. ಆ ಒಂದು ಬಕೆಟ್ ನೀರು ಶಕ್ತಿಯನ್ನು ಕುಂದಿಸುತ್ತದೆ. ಸಾಧಾರಣ ಪರಿಸರದ ಆರ್‌ಸಿಸಿ ಕೆಲಸಕ್ಕೆ ನೀರಿನ ತೂಕ ಸಿಮೆಂಟಿನ ತೂಕದ 0.55 ಪಾಲು ಮೀರಬಾರದೆಂದು ಐಎಸ್ 456 ಸಂಹಿತೆ ಹೇಳುತ್ತದೆ. ಯಾಕೆ ಮೀರಬಾರದು ಎಂದು ಪುಸ್ತಕದಲ್ಲಿ ಓದುವುದು ಬೇರೆ. ಬಿಸಿಲಲ್ಲಿ ನಿಂತು, ದಣಿದ ಮನುಷ್ಯರಿಗೆ ಆ ಬಕೆಟ್ ಬೇಡವೆಂದು ಹೇಳಿ ಒಪ್ಪಿಸುವುದು ಬೇರೆ. ಎರಡನೆಯದಕ್ಕೂ ತರಬೇತಿ ಬೇಕು, ಅದು ಇಲ್ಲಿ ಮಾತ್ರ ಸಿಗುತ್ತದೆ. ಅದೇ ಲಾರಿಯಿಂದ 150 ಮಿ.ಮೀ. ಘನಗಳನ್ನು ತುಂಬಿಟ್ಟು 7ನೆಯ ಮತ್ತು 28ನೆಯ ದಿನ ಒಡೆದು ನೋಡುತ್ತಾರೆ. ಎಂ 20 ಎಂದರೆ 28ನೆಯ ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್. ಕಾಲೇಜಿನ ಲ್ಯಾಬಿನಲ್ಲೇ ಒಡೆಯುವ ಯಂತ್ರವಿದ್ದೂ ಆ ಘನಗಳು ಹೊರಗಿನ ಲ್ಯಾಬಿಗೆ ಹೋಗಿ, ಫಲಿತಾಂಶ ಕಡತ ಸೇರಿಬಿಡುವುದು ದುಃಖದ ಸಂಗತಿ. ಅಧಿಕೃತ ಪರೀಕ್ಷೆ ಹೊರಗೇ ಆಗಲಿ, ಇನ್ನೂ ಮೂರು ಘನಗಳನ್ನು ಹೆಚ್ಚಿಗೆ ತುಂಬಿ ವಿದ್ಯಾರ್ಥಿಗಳ ಕೈಯಲ್ಲಿ ಒಡೆಸಬಹುದು. ತಾವು ಕೂರಲಿರುವ ಕೊಠಡಿಯ ಚಾವಣಿಯ ಶಕ್ತಿಯನ್ನು ತಾವೇ ಅಳೆದವರು ಆ ಅಂಕಿಯನ್ನು ಬಹಳ ಗೌರವದಿಂದ ಬರೆದುಕೊಳ್ಳುತ್ತಾರೆ.

ಆಮೇಲಿನ ದಿನಗಳು ನಿಶ್ಶಬ್ದ. ಚಾವಣಿಯ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ, ಕಂಬಗಳಿಗೆ ಗೋಣಿತಟ್ಟು ಸುತ್ತಿ ನೆನೆಸುತ್ತಾರೆ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ, ಬೇಗ ಒಣಗಿದರೆ ಆ ಕೂಡಿಕೆ ಅರ್ಧಕ್ಕೇ ನಿಲ್ಲುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದುವು ಸೇರಿದ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಮಾಕಳಿಯ ಕಡೆ ಬೇಸಗೆಯಲ್ಲಿ ನೀರೇ ಕಷ್ಟ. ಬೋರ್‌ವೆಲ್ ಆಳಕ್ಕೆ ಇಳಿದಿದೆ, ಟ್ಯಾಂಕರಿಗೆ ಕಾಯಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಕುಡಿಯುವ ನೀರನ್ನು ಕಟ್ಟಡದ ಕೆಲಸಕ್ಕೆ ಬಳಸಬಾರದೆಂದು ಜಲಮಂಡಳಿ ನಿಷೇಧಿಸಿತು, ಶುದ್ಧೀಕರಿಸಿದ ನೀರು ಬಳಸಲು ಹೇಳಿತು. ಆ ವರ್ಷ ಓದುತ್ತಿದ್ದವರಿಗೆ ನೀರಿನ ಪಾಠವೂ ಕಾಂಕ್ರೀಟಿನ ಪಾಠವೂ ಒಂದೇ ಕಟ್ಟೆಯ ಮೇಲೆ ಸಿಕ್ಕಿದವು. ಹಾಸ್ಟೆಲಿನ ನಲ್ಲಿಯಲ್ಲಿ ನೀರಿಲ್ಲ, ಚಾವಣಿಯ ಮೇಲೆ ನಿಂತಿದೆ, ಎರಡೂ ಅಗತ್ಯ. ಯಾವ ನೀರನ್ನು ಎಲ್ಲಿಗೆ ಕೊಡಬೇಕೆಂದು ಯೋಚಿಸುವುದನ್ನು ಎಂಜಿನಿಯರ್ ಕೆಲಸಕ್ಕೆ ಸೇರಿದ ಮೇಲೆ ಕಲಿಯುವುದಕ್ಕಿಂತ ಇಲ್ಲೇ ಕಲಿಯುವುದು ಒಳ್ಳೆಯದು. ಅಡಿಯ ಸೆಂಟ್ರಿಂಗ್ ಆಸರೆ ತೆಗೆಯುವುದಕ್ಕೂ ದಿನಗಳ ಲೆಕ್ಕವಿದೆ: 4.5 ಮೀಟರಿನವರೆಗಿನ ಚಾವಣಿಗೆ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, 6 ಮೀಟರ್ ಮೀರಿದ ತೊಲೆಗೆ 21 ದಿನ.

ಗೋಡೆಯ ಹೊತ್ತಿಗೆ ಒಂದು ಹಳೆಯ ಕಥೆ ನೆನಪಿಸಬೇಕು. ಪೀಣ್ಯದಿಂದ ನಗರದ ಕಡೆಗೆ ಸ್ವಲ್ಪ ದೂರದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಒದಗುವ ವಿಜ್ಞಾನ ಬೇಕೆಂಬುದು ಅದರ ಹಂಬಲ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿಗೆ ತೂಕದ ಶೇ 7ರ ಆಸುಪಾಸು ಸಿಮೆಂಟು ಸೇರಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೆ, ನೀರುಣಿಸಿ ಗಟ್ಟಿಮಾಡುವ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ಪಾಯಕ್ಕೆ ತೋಡಿದ ಮಣ್ಣೇ ಜರಡಿ ಹಿಡಿದರೆ ಗೋಡೆಯಾಗುತ್ತದೆ. ಜೇಡಿ ಹೆಚ್ಚಿದ್ದರೆ ಮರಳು ಬೆರೆಸಿದರಾಯಿತು. ಸೌದೆ ಬೇಡ, ಗೂಡು ಬೇಡ, ಲಾರಿಯ ಓಡಾಟ ಕಡಿಮೆ. ಬೆಂಗಳೂರಿನಲ್ಲಿ ಹೀಗೆ ಕಟ್ಟಿದ ಮನೆಗಳು ಬಹಳಿವೆ. ಜಗದೀಶ್, ವೆಂಕಟರಾಮ ರೆಡ್ಡಿ, ನಂಜುಂಡ ರಾವ್ ಮೂವರೂ ಸೇರಿ ಬರೆದ ಪರ್ಯಾಯ ಕಟ್ಟಡ ಸಾಮಗ್ರಿಗಳ ಪುಸ್ತಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ವಿದ್ಯಾರ್ಥಿಗಳಿಗೆ ಪಠ್ಯವೂ ಹೌದು. ಆ ಪಠ್ಯವನ್ನು ಕಾಂಕ್ರೀಟಿನ ಸಾಲಿಡ್ ಬ್ಲಾಕಿನಿಂದ ಕಟ್ಟಿದ ಕೊಠಡಿಯಲ್ಲಿ ಕೂತು ಓದುವಾಗ, ತೋಡಿದ ಕೆಂಪು ಮಣ್ಣು ಟಿಪ್ಪರ್ ಲಾರಿಗಳಲ್ಲಿ ಕ್ಯಾಂಪಸ್ಸಿನ ಹೊರಗೆ ಹೋಗುತ್ತಿರುತ್ತದೆ. ಇಡೀ ಕಾಲೇಜನ್ನು ಮಣ್ಣಿನಿಂದ ಕಟ್ಟಬೇಕೆಂದು ಯಾರೂ ಹೇಳಲಾರರು. ಎತ್ತರದ ಬ್ಲಾಕಿಗೆ ಬೇರೆ ಲೆಕ್ಕಗಳಿವೆ. ಆದರೆ ಸೈಕಲ್ ನಿಲ್ದಾಣ, ಕ್ಯಾಂಟೀನಿನ ಗೋಡೆ, ಕಾವಲುಗಾರನ ಕೋಣೆ, ಇವಿಷ್ಟನ್ನಾದರೂ ವಿದ್ಯಾರ್ಥಿಗಳೇ ಮಣ್ಣು ಪರೀಕ್ಷಿಸಿ, ಇಟ್ಟಿಗೆ ಒತ್ತಿ ಕಟ್ಟುವಂತೆ ಮಾಡಬಹುದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಇಟ್ಟಿಗೆಯ ವಿಷಯದಲ್ಲಿ ಸದ್ದು ಮತ್ತೆ ಬರುತ್ತದೆ, ಈ ಸಲ ಗುರುವಾಗಿ. ಸುಟ್ಟ ಇಟ್ಟಿಗೆ ಎರಡನ್ನು ಒಂದಕ್ಕೊಂದು ತಟ್ಟಿದಾಗ ಲೋಹದಂತೆ ಠಣ್ಣೆಂದರೆ ಚೆನ್ನಾಗಿ ಬೆಂದಿದೆ, ಮಂಕಾಗಿ ಕೇಳಿದರೆ ಬೆಂದಿಲ್ಲ ಅಥವಾ ಒಳಗೆ ಬಿರುಕಿದೆ. ಟೈಲ್ಸ್ ಹಾಕುವವನು ಹಾಸಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಾನೆ; ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆ ಕೂತಿಲ್ಲ. ಇದೇ ಉಪಾಯ ದೊಡ್ಡದಾಗಿ ಬೆಳೆದು ಶ್ರವಣಾತೀತ ಪರೀಕ್ಷೆಯಾಗಿದೆ. ಕಿವಿಗೆ ಕೇಳದ ತರಂಗವನ್ನು ಕಾಂಕ್ರೀಟಿನ ಒಂದು ಮೈಯಿಂದ ಕಳಿಸಿ ಇನ್ನೊಂದು ಮೈಯಲ್ಲಿ ಹಿಡಿದು ವೇಗ ಅಳೆಯುತ್ತಾರೆ. ಸೆಕೆಂಡಿಗೆ 4.5 ಕಿ.ಮೀ. ಮೀರಿದರೆ ಕಾಂಕ್ರೀಟು ಅತ್ಯುತ್ತಮ, 3ಕ್ಕಿಂತ ಕಡಿಮೆಯಾದರೆ ಸಂಶಯ. ಸದ್ದಿನಿಂದ ಪಾಠ ಕೆಟ್ಟಿತೆಂದು ಬೇಸರಗೊಂಡ ವಿದ್ಯಾರ್ಥಿ ಕೊನೆಯ ವರ್ಷದಲ್ಲಿ ಈ ಯಂತ್ರ ಹಿಡಿದು ಅದೇ ಕಟ್ಟಡದ ಕಂಬಗಳಿಗೆ ಕಿವಿಗೊಡಬಹುದು.

ಕ್ಯಾಂಪಸ್ಸಿನ ಹೊರಗೆ ತುಮಕೂರು ರಸ್ತೆ ಮತ್ತೊಂದು ತರಗತಿ. ಗೊರಗುಂಟೆಪಾಳ್ಯದಿಂದ ಪೀಣ್ಯದ ಮೇಲೆ ಹಾದುಬರುವ ಮೇಲ್ಸೇತುವೆ 2010ರಲ್ಲಿ ತೆರೆಯಿತು. ಪೂರ್ವಬಿಗಿತ ಕೊಟ್ಟ ಕಾಂಕ್ರೀಟಿನ ಸೇತುವೆ ಅದು: ಗಟ್ಟಿ ಉಕ್ಕಿನ ಕೇಬಲ್‌ಗಳನ್ನು ಕೊಳವೆಯೊಳಗೆ ತೂರಿಸಿ, ಎಳೆದು ಬಿಗಿದು, ಅಂಕಣವನ್ನು ಸದಾ ಒತ್ತಡದಲ್ಲಿ ಇಡುವ ವಿಧಾನ. 2021ರ ಡಿಸೆಂಬರಿನಲ್ಲಿ ಕೇಬಲ್‌ಗಳಲ್ಲಿ ದೋಷ ಕಂಡು ಸೇತುವೆಯನ್ನು ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಸಣ್ಣ ವಾಹನಗಳಿಗೆ ಬಿಟ್ಟರು; ಭಾರೀ ವಾಹನಗಳು ಮತ್ತೆ ಹತ್ತಲು 2024ರ ಜುಲೈವರೆಗೆ ಕಾಯಬೇಕಾಯಿತು. ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆ, ಭಾರ ಹೇರಿ ಪರೀಕ್ಷೆ, ಅಂಕಣಗಳಿಗೆ ಹೊಸ ಕೇಬಲ್, ಇಷ್ಟೆಲ್ಲ ನಡೆಯಿತು. ಅಷ್ಟೂ ಕಾಲ ಬಸ್ಸುಗಳು ಕೆಳಗಿನ ರಸ್ತೆಯಲ್ಲೇ ತೆವಳಿದವು. ಮೆಜೆಸ್ಟಿಕ್‌ನಿಂದ ಮಾಕಳಿಯ ಕಡೆ ಬರುವ ವಿದ್ಯಾರ್ಥಿಗಳ ಮೊದಲ ಅವಧಿಯ ಹಾಜರಿ ಎಷ್ಟೋ ದಿನ ದಾಸರಹಳ್ಳಿಯ ಸಿಗ್ನಲ್ಲಿನಲ್ಲೇ ಹೋಯಿತು. ಕಟ್ಟುವುದರಷ್ಟೇ ದೊಡ್ಡದು ಕಟ್ಟಿದ್ದನ್ನು ನೋಡಿಕೊಳ್ಳುವುದು ಎಂಬುದಕ್ಕೆ ಈ ರಸ್ತೆಯ ಮಕ್ಕಳಿಗೆ ಬೇರೆ ಉದಾಹರಣೆ ಬೇಕಾಗಿಲ್ಲ. ಆದರೂ ಪಠ್ಯದಲ್ಲಿ ವಿನ್ಯಾಸಕ್ಕೆ ಸಿಗುವ ಜಾಗದ ಕಾಲುಭಾಗವೂ ನಿರ್ವಹಣೆಗೆ ಸಿಗುವುದಿಲ್ಲ, ಸಿಗಬೇಕು.

ಹಳೆಯದು ನೋಡಬೇಕೆನ್ನುವವರು ಹೆಸರಘಟ್ಟದ ಕಡೆ ಹೋಗಬಹುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರ ಹೊತ್ತಿಗೆ, ಅರ್ಕಾವತಿಯ ನೀರನ್ನು ಬೆಂಗಳೂರಿಗೆ ತರಲು ಹೆಸರಘಟ್ಟ ಕೆರೆ ಕಟ್ಟಿದರು. ನೀರು ಇಟ್ಟಿಗೆಯ ಮೇಲ್ಗಾಲುವೆಯಲ್ಲಿ ತನ್ನ ಪಾಡಿಗೆ ಇಳಿಜಾರಿನಲ್ಲಿ ಹರಿದು ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಪಂಪಿನಿಂದ ಮಲ್ಲೇಶ್ವರದ ಕಡೆಗೆ ಏರುತ್ತಿತ್ತು. ಕಮಾನುಗಳ ಮೇಲಿನ ಆ ಇಟ್ಟಿಗೆ ಸಾಲು ಈಗಲೂ ಕಾಣಸಿಗುತ್ತದೆ. ಮೈಲಿಗಟ್ಟಲೆ ದೂರಕ್ಕೆ ಅಷ್ಟು ಸಣ್ಣ ಇಳಿಜಾರನ್ನು ಕಾಪಾಡಿಕೊಂಡು ಬಂದವರ ಮಟ್ಟದ ಕೆಲಸಕ್ಕೆ ಸರ್ವೆ ಓದುವವರು ಕೈಮುಗಿಯಬೇಕು.

ಕರ್ನಾಟಕದಲ್ಲಿ ಕಟ್ಟುವುದೂ ಕಲಿಯುವುದೂ ಜೊತೆಜೊತೆಗೇ ಬಂದಿವೆ. ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಅಣೆಕಟ್ಟು 1911ರಲ್ಲಿ ಆರಂಭವಾಗಿ, ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಮೇಲೇಳುತ್ತಿದ್ದಾಗಲೇ, 1917ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಇವತ್ತಿನ ಯುವಿಸಿಇ ಅದೇ. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರ ಕಾಲೇಜು, 1963ರಲ್ಲಿ ಇದೇ ರಸ್ತೆಯ ಇನ್ನೊಂದು ತುದಿಯಲ್ಲಿ, ತುಮಕೂರಿನಲ್ಲಿ, ಸಿದ್ಧಗಂಗೆಯ ಕಾಲೇಜು ಬಂದವು. ಕ್ಯಾಂಪಸ್ ಹೇಗಿರಬೇಕೆಂಬುದಕ್ಕೆ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ಬಿ.ವಿ. ದೋಶಿಯವರು ಅದನ್ನು ಈ ನೆಲದ ಕಲ್ಲಿನಲ್ಲೇ ಕಟ್ಟಿಸಿದರು. ಉದ್ದದ ಓಣಿ, ಬಳ್ಳಿ ಹಬ್ಬಿದ ಜಂತೆ, ನೆರಳು ಬೆಳಕಿನ ಅಂಗಳಗಳು ಅಲ್ಲಿ ಕೊಠಡಿಗಳಷ್ಟೇ ಮುಖ್ಯ. ಪಾಠ ಮುಗಿದ ಮೇಲಿನ ಮಾತುಕತೆ ಓಣಿಯಲ್ಲೇ ನಡೆಯುವುದು. ಹೊಸ ಕ್ಯಾಂಪಸ್ಸುಗಳಲ್ಲಿ ಓಣಿಯನ್ನು ಕಿರಿದು ಮಾಡಿ ಒಂದು ಕೊಠಡಿ ಹೆಚ್ಚಿಸುವುದಿದೆ. ಅದರಿಂದ ಸೀಟು ಹೆಚ್ಚುತ್ತದೆ, ಕಲಿಕೆ ಹೆಚ್ಚುವುದಿಲ್ಲ. ಮೊದಲ ತಂಡ ಸೇರಿದ ವರ್ಷವೇ ಹೊಂಗೆ, ಬೇವು ನೆಟ್ಟರೆ ನಾಲ್ಕನೆಯ ತಂಡದವರಿಗಾದರೂ ನೆರಳು ಸಿಗುತ್ತದೆ. ಎಲ್ಲ ಬ್ಲಾಕ್ ಮುಗಿಯಲೆಂದು ಕಾದರೆ ಯಾರಿಗೂ ಸಿಗದು.

ಕಟ್ಟುವ ಜನರ ವಿಷಯ ಬಿಟ್ಟರೆ ಕಟ್ಟಡದ ವಿಷಯ ಮುಗಿಯುವುದಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು, ಬಿಹಾರ, ಒಡಿಶಾ, ಬಂಗಾಳದವರು ಕ್ಯಾಂಪಸ್ಸಿನ ಹಿಂಬದಿಯ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಹೊರರಾಜ್ಯದ ವಿದ್ಯಾರ್ಥಿಗಳು ತರಗತಿಯಲ್ಲಿ ‘ಬಳಕೆ ಕನ್ನಡ’ ಎಂಬ ವಿಷಯ ಓದುತ್ತಾರೆ. ಆ ಕನ್ನಡಕ್ಕೆ ಬಳಕೆ ಸಿಗುವ ಜಾಗ ಸೈಟು. ಶಿರಾ, ಪಾವಗಡದ ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರಿನ ಇಂಗ್ಲಿಷಿನಲ್ಲಿ ದಾರಿ ತಪ್ಪಿದ ಹುಡುಗಿಗೂ ಅಷ್ಟೆ, ಮೇಸ್ತ್ರಿ ತನ್ನ ಮಾತಿನಲ್ಲಿ ಹೇಳಿದ ಸಜ್ಜಾದ ಲೆಕ್ಕ ಒಮ್ಮೆ ಕೈಗೆ ಸಿಕ್ಕರೆ ಪುಸ್ತಕದ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಮೇಸ್ತ್ರಿಯಿಂದ ಕಲಿತವರು ಅವನಿಗೆ ಕೊಡಬಹುದಾದ್ದೂ ಇದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾಯ್ದೆ ಬಂದಿತ್ತು, ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಅವರ ಕಲ್ಯಾಣಕ್ಕೆ ಹೋಗುತ್ತದೆ, ವರ್ಷದಲ್ಲಿ 90 ದಿನ ದುಡಿದವರು ಲೇಬರ್ ಕಾರ್ಡ್ ಪಡೆಯಬಹುದು, ಅದರಿಂದ ಮಕ್ಕಳ ಓದಿಗೆ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಅರ್ಜಿ ಕಂಪ್ಯೂಟರಿನಲ್ಲಿ ಹೋಗಬೇಕು. ಒಂದು ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಸೈನ್ಸ್ ವಿಭಾಗದ ಲ್ಯಾಬನ್ನು ತೆರೆದಿಟ್ಟರೆ ಸಾಕು.

ಬೇರೆ ವಿಭಾಗಗಳಿಗೂ ಕಟ್ಟಡದಲ್ಲಿ ಪಾಲಿದೆ. ಎಲೆಕ್ಟ್ರಿಕಲ್‌ನವರಿಗೆ ಅರ್ತಿಂಗ್ ಗುಂಡಿ ಮತ್ತು ಅದರ ರೋಧ, ಮೆಕ್ಯಾನಿಕಲ್‌ನವರಿಗೆ ಲಿಫ್ಟು ಮತ್ತು ಪಂಪು, ಎಲೆಕ್ಟ್ರಾನಿಕ್ಸ್‌ನವರಿಗೆ ಬೆಂಕಿ ಎಚ್ಚರಿಕೆಯ ಜಾಲ. ಕಟ್ಟಡ ಮುಗಿದಾಗ ಇವೆಲ್ಲ ಗಾರೆಯ ಹಿಂದೆ ಸೇರಿಬಿಡುತ್ತವೆ. ನಕ್ಷೆಯಲ್ಲಿ ಒಂದು ಕಡೆ ಇದ್ದ ಪೈಪು ಕೆಲಸದ ಹೊತ್ತಿಗೆ ಇನ್ನೊಂದು ಕಡೆ ಹೋಗಿರುತ್ತದೆ. ಹತ್ತು ವರ್ಷದ ಮೇಲೆ ಪ್ರೊಜೆಕ್ಟರ್ ತೂಗುಹಾಕಲು ಡ್ರಿಲ್ ಹಿಡಿದವನು ಆ ಪೈಪನ್ನೇ ತೂತು ಮಾಡುತ್ತಾನೆ. ಅದಕ್ಕಾಗಿಯೇ ಕಟ್ಟಿದಂತೆ ಬರೆದ ನಕ್ಷೆ ಎಂಬುದೊಂದಿದೆ. ಗುತ್ತಿಗೆಯ ಕೊನೆಯಲ್ಲಿ ಅದನ್ನು ತಯಾರಿಸಿ ಒಪ್ಪಿಸಬೇಕು. ಇದನ್ನು ಬರೆಯಲು ವಿದ್ಯಾರ್ಥಿಗಳಿಗಿಂತ ತಕ್ಕವರಿಲ್ಲ, ಅವರು ನಾಲ್ಕು ವರ್ಷ ಆ ಕಟ್ಟಡ ಏಳುವುದನ್ನು ಕಿಟಕಿಯಿಂದ ನೋಡಿದ್ದಾರೆ. ಮಣ್ಣಿನ ವರದಿ, ಕಂಬಿಯ ಪಟ್ಟಿ, ಕಾಂಕ್ರೀಟು ಬೀಳುವ ಮುಂಚೆ ತೆಗೆದ ಕಂಬಿಗಳ ಚಿತ್ರ, 7 ಮತ್ತು 28 ದಿನದ ಘನಗಳ ಫಲಿತಾಂಶ, ಪೈಪು–ವೈರುಗಳ ನಿಜವಾದ ದಾರಿ, ಇವನ್ನೆಲ್ಲ ಒಂದೇ ಕಡತದಲ್ಲಿ ಕಟ್ಟಿ, ಒಂದು ಪ್ರತಿಯನ್ನು ಕಾಲೇಜಿನ ನಿರ್ವಹಣಾ ವಿಭಾಗಕ್ಕೆ ಕೊಟ್ಟು, ಇನ್ನೊಂದನ್ನು ಸಿವಿಲ್ ವಿಭಾಗದ ಗ್ರಂಥಾಲಯದಲ್ಲಿ ಬೀಗವಿಲ್ಲದ ಕಪಾಟಿನಲ್ಲಿ ಇಡಬೇಕು. ಮುಂದಿನ ಬ್ಲಾಕಿಗೆ ದಾರ ಹಿಡಿಯುವ ದಿನ ಹೊಸ ತಂಡ ಮೊದಲು ಓದಬೇಕಾದ್ದು ಆ ಕಡತ.